ಹೊಸ ಗೇಮ್ ಕನ್ಸೋಲ್‌ನ ದೋಷವನ್ನು ವಾರಂಟಿ ಮುಗಿಯುವ ಮೊದಲೇ ಹಿಡಿಯುವ ಬಗೆ

ಗೇಮ್ ಕನ್ಸೋಲ್ ಕೊಂಡವರಲ್ಲಿ ಹೆಚ್ಚಿನವರು ಪೆಟ್ಟಿಗೆ ಬಿಚ್ಚಿ, ಟಿವಿಗೆ ಜೋಡಿಸಿ, ಪರದೆಯ ಮೇಲೆ ಚಿತ್ರ ಮೂಡಿದ ಕೂಡಲೇ ಯಂತ್ರ ಸರಿಯಾಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ತಣ್ಣಗಿರುವ ಯಂತ್ರ ಐದು ನಿಮಿಷ ನಡೆಯಿತೆಂದರೆ ಅದು ಐದು ನಿಮಿಷ ನಡೆಯಬಲ್ಲದು ಎಂದಷ್ಟೇ ತಿಳಿಯುತ್ತದೆ. ಕನ್ಸೋಲ್‌ನ ಬಹುಪಾಲು ದೋಷಗಳು ಹೊರಬೀಳಲು ಬಿಸಿ ಬೇಕು, ಹೊತ್ತು ಬೇಕು, ಒಂದೇ ಕೆಲಸ ಹಲವು ಸಲ ನಡೆಯಬೇಕು. ಈ ಮೂರನ್ನೂ ಬೇಕೆಂದೇ ಒದಗಿಸಿ, ಅಂಗಡಿಯವರು ಮರಳಿ ಪಡೆಯುವ ಗಡುವು ಮತ್ತು ವಾರಂಟಿ ಮುಗಿಯುವುದರೊಳಗೆ ಯಂತ್ರವನ್ನು ಪರೀಕ್ಷಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ವಿಶೇಷ ಉಪಕರಣ ಬೇಕಿಲ್ಲ. ಒಂದು ಗಡಿಯಾರ, ಒಂದು ಟಾರ್ಚ್, ಒಂದು ನೋಟ್‌ಬುಕ್ ಮತ್ತು ಮೊಬೈಲ್‌ನ ಕ್ಯಾಮೆರಾ ಸಾಕು.

ಕಾರ್ಖಾನೆಯಲ್ಲಿ ಪರೀಕ್ಷೆಯೇ ನಡೆಯುವುದಿಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ನಡೆಯುತ್ತದೆ, ಹಲವು ಹಂತಗಳಲ್ಲಿ ನಡೆಯುತ್ತದೆ. ಮದರ್‌ಬೋರ್ಡಿನ, ಅಂದರೆ ಯಂತ್ರದ ಮುಖ್ಯ ಸರ್ಕ್ಯೂಟ್ ಹಲಗೆಯ ಮೇಲೆ ಬಿಡಿಭಾಗಗಳನ್ನು ಕೂರಿಸಿ ಬೆಸುಗೆ ಹಾಕಿದ ಮೇಲೆ ಕ್ಯಾಮೆರಾಗಳುಳ್ಳ ಯಂತ್ರವೊಂದು ಪ್ರತಿ ಭಾಗವೂ ತನ್ನ ಜಾಗದಲ್ಲಿದೆಯೇ ಎಂದು ನೋಡುತ್ತದೆ. ಮುಖ್ಯ ಚಿಪ್ಪಿನ ಅಡಿಯಲ್ಲಿರುವ ನೂರಾರು ಬೆಸುಗೆಯ ಗುಂಡುಗಳು ಕ್ಯಾಮೆರಾಕ್ಕೆ ಕಾಣುವುದಿಲ್ಲವಾದ್ದರಿಂದ ಅವನ್ನು ನೋಡಲು ಎಕ್ಸ್-ರೇ ಬಳಸುತ್ತಾರೆ. ಬಳಿಕ ವಿದ್ಯುತ್ ಹರಿಸಿ ನೋಡುತ್ತಾರೆ, ಜೋಡಣೆ ಮುಗಿದ ಯಂತ್ರವನ್ನು ಚಾಲೂ ಮಾಡಿ ಪ್ರತಿ ಪೋರ್ಟನ್ನೂ ಪರೀಕ್ಷಿಸುತ್ತಾರೆ. ಆದರೆ ಸಾಲಿನಲ್ಲಿ ಸಾಗುವ ಲಕ್ಷಗಟ್ಟಲೆ ಯಂತ್ರಗಳಲ್ಲಿ ಪ್ರತಿಯೊಂದನ್ನೂ ದಿನಗಟ್ಟಲೆ ಓಡಿಸಿ ನೋಡಲು ಯಾವ ಕಾರ್ಖಾನೆಗೂ ಆಗುವುದಿಲ್ಲ. ದೀರ್ಘ ಪರೀಕ್ಷೆಗೆ ಒಟ್ಟಿಗೆ ತಯಾರಾದ ಒಂದು ಕಂತಿನಿಂದ ಕೆಲವು ಮಾದರಿಗಳನ್ನಷ್ಟೇ ಎತ್ತಿಕೊಳ್ಳುತ್ತಾರೆ.

ಮಾದರಿ ಪರೀಕ್ಷೆಯ ಮಿತಿಯನ್ನು ಸಣ್ಣ ಲೆಕ್ಕವೊಂದರಿಂದ ತಿಳಿಯಬಹುದು. ಒಂದು ದೊಡ್ಡ ಕಂತಿನಲ್ಲಿ ನೂರಕ್ಕೆ 2 ಯಂತ್ರಗಳು ದೋಷವುಳ್ಳವು ಎಂದಿಟ್ಟುಕೊಳ್ಳೋಣ. ಅದರಿಂದ 50 ಯಂತ್ರಗಳನ್ನು ಕಣ್ಣುಮುಚ್ಚಿ ಆರಿಸಿದರೆ, ಆ ಐವತ್ತರಲ್ಲಿ ಒಂದೂ ಕೆಟ್ಟದ್ದು ಸಿಗದಿರುವ ಸಾಧ್ಯತೆ ಸುಮಾರು ಶೇಕಡ 36ರಷ್ಟಿದೆ. ಅಂದರೆ ಮೂರು ಸಲ ಹೀಗೆ ಪರೀಕ್ಷಿಸಿದರೆ ಒಂದು ಸಲವಾದರೂ ಆ ಕಂತು ನಿರ್ದೋಷಿ ಎನಿಸಿಕೊಂಡು ಹೊರಗೆ ಹೋಗುವ ಸಂಭವವೇ ಹೆಚ್ಚು. ಇದರಲ್ಲಿ ಯಾರ ಮೋಸವೂ ಇಲ್ಲ, ಗಣಿತವೇ ಹಾಗಿದೆ. ನಿಮ್ಮ ಕೈಗೆ ಬಂದ ಯಂತ್ರ ಆ ಐವತ್ತರಲ್ಲಿ ಇತ್ತೋ ಇಲ್ಲವೋ ಎಂದು ತಿಳಿಯುವ ದಾರಿಯಿಲ್ಲದ ಕಾರಣ, ಅದರ ಕೊನೆಯ ಪರೀಕ್ಷಕರು ನೀವೇ ಎಂದುಕೊಂಡು ಮುಂದುವರಿಯುವುದು ಲೇಸು.

ಎಲೆಕ್ಟ್ರಾನಿಕ್ ಯಂತ್ರಗಳು ಯಾವಾಗ ಕೆಡುತ್ತವೆ ಎಂಬುದನ್ನು ರೇಖೆಯಾಗಿ ಬರೆದರೆ ಅದು ಸ್ನಾನದ ತೊಟ್ಟಿಯನ್ನು ಪಕ್ಕದಿಂದ ನೋಡಿದಂತೆ ಕಾಣುತ್ತದೆ. ಮೊದಲ ವಾರಗಳಲ್ಲಿ ಕೆಡುವವು ಹೆಚ್ಚು, ಆಮೇಲೆ ಬಹಳ ಕಾಲ ಕಡಿಮೆ, ಸವೆತ ಶುರುವಾದ ಮೇಲೆ ಮತ್ತೆ ಹೆಚ್ಚು. ತಯಾರಿಕೆಯ ದೋಷಗಳು ಬಹುತೇಕ ಮೊದಲ ಏರಿನಲ್ಲೇ ಇರುತ್ತವೆ. ಆದ್ದರಿಂದ ಹೊಸ ಕನ್ಸೋಲನ್ನು ಮೊದಲ ತಿಂಗಳು ಜೋಪಾನವಾಗಿ, ಆಗೊಮ್ಮೆ ಈಗೊಮ್ಮೆ ಬಳಸುವುದು ತಪ್ಪು ನಡೆ. ಆ ತಿಂಗಳಲ್ಲೇ ಅದನ್ನು ಚೆನ್ನಾಗಿ ದುಡಿಸಬೇಕು.

ಬಿಸಿಯ ವಿಷಯಕ್ಕೆ ಇಷ್ಟು ಒತ್ತು ಏಕೆಂದರೆ, ಕನ್ಸೋಲ್‌ಗಳ ಇತಿಹಾಸದ ಅತಿ ದುಬಾರಿ ದೋಷಗಳಲ್ಲೊಂದು ಹುಟ್ಟಿದ್ದೇ ಅಲ್ಲಿ. 2005ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ರ ಮುಂಬದಿಯ ಬಳೆಯಾಕಾರದ ದೀಪದಲ್ಲಿ ಮೂರು ಭಾಗ ಕೆಂಪಗೆ ಹೊಳೆಯಿತೆಂದರೆ ಯಂತ್ರ ಕೆಟ್ಟಿತೆಂದೇ ಅರ್ಥವಾಗಿತ್ತು. 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ವಾರಂಟಿಯನ್ನು 3 ವರ್ಷಕ್ಕೆ ವಿಸ್ತರಿಸಿತು ಮತ್ತು ಅದಕ್ಕಾಗಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ತೆಗೆದಿರಿಸಿತು. ಚಿಪ್ಪು ವಿಪರೀತ ಬಿಸಿಯಾಗಿ ಸುಟ್ಟುಹೋಗುತ್ತದೆ ಎಂದು ಬಹುಕಾಲ ಜನ ನಂಬಿದ್ದರು. ಆದರೆ ಚಿಪ್ಪಿನ ಪೊಟ್ಟಣದೊಳಗಿನ ಸೂಕ್ಷ್ಮ ಬೆಸುಗೆಗಳು ಬಿರುಕುಬಿಟ್ಟದ್ದೇ ಕಾರಣವೆಂದೂ, ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿ ಆರಿಸುವಾಗ ಆಗುವ ಬಿಸಿ-ತಂಪಿನ ಏರಿಳಿತ ಆ ಬಿರುಕನ್ನು ತಂದಿತೆಂದೂ 2021ರಲ್ಲಿ ಕಂಪನಿಯೇ ಹೊರತಂದ ಸಾಕ್ಷ್ಯಚಿತ್ರ ಸರಣಿಯಲ್ಲಿ ಅದರ ಎಂಜಿನಿಯರರು ಹೇಳಿದರು. ಚಿಪ್ಪಿನ ಸಿಲಿಕಾನ್ ಬಿಸಿಗೆ ಹಿಗ್ಗುವುದಕ್ಕಿಂತ ಅದನ್ನು ಕೂರಿಸಿದ ಹಲಗೆ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಇವೆರಡರ ನಡುವೆ ಇರುವ ಬೆಸುಗೆ ಪ್ರತಿ ಸಲವೂ ಎಳೆದಾಟಕ್ಕೆ ಸಿಗುತ್ತದೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಒಂದು ಹೊತ್ತಿನಲ್ಲಿ ಮುರಿಯುವಂತೆಯೇ ಇದು.

ಇದರಿಂದ ಪರೀಕ್ಷೆಯ ಕ್ರಮಕ್ಕೆ ಒಂದು ಮುಖ್ಯ ಸುಳಿವು ಸಿಗುತ್ತದೆ. ಸತತ ಎಂಟು ಗಂಟೆ ಆಡುವುದೊಂದೇ ಸಾಲದು. ಯಂತ್ರ ಪೂರ್ತಿ ತಣಿದು ಮತ್ತೆ ಬಿಸಿಯಾಗುವ ಸುತ್ತುಗಳೂ ಆಗಬೇಕು.

ಪೆಟ್ಟಿಗೆ ಬಿಚ್ಚುವ ಹೊತ್ತಿನಲ್ಲಿ

ಪೆಟ್ಟಿಗೆಯನ್ನು ಬಿಚ್ಚುವ ಮೊದಲೇ ಅದರ ಆರೂ ಬದಿಗಳ ಫೋಟೊ ತೆಗೆಯಿರಿ, ಮೂಲೆ ಜಜ್ಜಿದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್, ಯಂತ್ರದ ಮೇಲಿನ ಸೀರಿಯಲ್ ನಂಬರ್ ಮತ್ತು ಬಿಲ್ಲಿನಲ್ಲಿ ನಮೂದಾಗಿದ್ದರೆ ಅಲ್ಲಿನದು, ಇವು ಮೂರೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಯಂತ್ರವನ್ನು ಚಾಲೂ ಮಾಡದೆ ಮಾರಿದವರನ್ನು ಕೇಳುವುದು ಒಳ್ಳೆಯದು, ಏಕೆಂದರೆ ಮುಂದೆ ವಾರಂಟಿ ಕೇಳುವಾಗ ಈ ವ್ಯತ್ಯಾಸವೇ ಮೊದಲ ತಕರಾರಾಗುತ್ತದೆ. ಯಂತ್ರವು ತಣ್ಣಗಿನ ಜಾಗದಿಂದ ಬಂದಿದ್ದರೆ ಒಳಗೆ ತೇವ ಕಟ್ಟಿರಬಹುದಾದ್ದರಿಂದ ಕೋಣೆಯ ಉಷ್ಣತೆಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಟ್ಟು ಚಾಲೂ ಮಾಡಿರಿ.

ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿ ಕಿವಿಗೊಡಿ. ಒಳಗೆ ಏನೋ ಉರುಳಿದ ಸದ್ದು ಕೇಳಿಸಿದರೆ ಅದು ಕಳಚಿದ ಸ್ಕ್ರೂ ಇರಬಹುದು, ಮುರಿದ ಪ್ಲಾಸ್ಟಿಕ್ ಚೂರಿರಬಹುದು. ಸ್ಕ್ರೂ ಆಗಿದ್ದು ಮದರ್‌ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಹಾಗಾಗಿ ಸದ್ದು ಬಂದ ಯಂತ್ರಕ್ಕೆ ವಿದ್ಯುತ್ ಕೊಡಲೇಬಾರದು. ಆಮೇಲೆ ಟಾರ್ಚ್ ಹಿಡಿದು ಟಿವಿಯ ಕೇಬಲ್ ಕೂರುವ ಎಚ್‌ಡಿಎಂಐ ಪೋರ್ಟಿನೊಳಗೆ ನೋಡಿರಿ. ಅಲ್ಲಿ ನಡುವಣ ನಾಲಗೆಯ ಎರಡೂ ಬದಿ ಸೇರಿ 19 ಸಂಪರ್ಕ ಕಡ್ಡಿಗಳಿರುತ್ತವೆ. ಅವೆಲ್ಲ ಬಾಚಣಿಗೆಯ ಹಲ್ಲಿನಂತೆ ಸಮಸಾಲಿನಲ್ಲಿ ಕಾಣಬೇಕು. ಒಂದು ಬಾಗಿದ್ದರೂ ಫೋಟೊ ತೆಗೆದಿಟ್ಟು, ಕೇಬಲ್ ಚುಚ್ಚದೆ ಮರಳಿಸಬೇಕು. ಒಮ್ಮೆ ಚುಚ್ಚಿದ ಮೇಲೆ ಬಾಗಿಸಿದ್ದು ನೀವೇ ಎಂಬ ಮಾತಿಗೆ ಉತ್ತರ ಹೇಳುವುದು ಕಷ್ಟ.

ಇಡುವ ಜಾಗದ ಬಗ್ಗೆ ಎರಡೇ ಮಾತು. ಯಂತ್ರದ ಹಿಂದೆ ಕನಿಷ್ಠ 10 ಸೆಂಟಿಮೀಟರ್ ತೆರಪಿರಲಿ. ಕಂಬಳಿ, ದಿಂಬು, ಬಾಗಿಲು ಮುಚ್ಚಿದ ಕಪಾಟು ಬೇಡ. ಅಲ್ಲಿಟ್ಟು ಪರೀಕ್ಷಿಸಿದರೆ ನೀವು ಕನ್ಸೋಲನ್ನಲ್ಲ, ಕಪಾಟನ್ನು ಪರೀಕ್ಷಿಸಿದಂತಾಗುತ್ತದೆ.

ಬಿಸಿ ಮತ್ತು ತಣಿವಿನ ಪರೀಕ್ಷೆ

ಮೊದಲು ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳಿ, ಇಲ್ಲವಾದರೆ ಮುಂದೆ ಕಾಣುವ ತೊಂದರೆ ಹಳೆಯ ತಂತ್ರಾಂಶದ್ದೋ ಯಂತ್ರದ್ದೋ ಎಂಬ ಗೊಂದಲ ಉಳಿಯುತ್ತದೆ. ಬಳಿಕ ಗ್ರಾಫಿಕ್ಸ್ ಹೆಚ್ಚು ಬೇಡುವ ಆಟವೊಂದನ್ನು ಹಾಕಿ ಎರಡರಿಂದ ಮೂರು ಗಂಟೆ ನಿಲ್ಲಿಸದೆ ನಡೆಸಿರಿ. ಮೆನುವಿನಲ್ಲಿ ಸುಮ್ಮನೆ ಬಿಟ್ಟರೆ ಚಿಪ್ಪಿಗೆ ಬೇಕಾದಷ್ಟು ದುಡಿಮೆ ಸಿಗುವುದಿಲ್ಲ. ಮುಗಿದ ಮೇಲೆ ಸ್ಲೀಪ್ ಸ್ಥಿತಿಯಲ್ಲಿ ಬಿಡದೆ ಪೂರ್ತಿ ಆರಿಸಿ, ಎರಡು ಗಂಟೆ ತಣಿಯಲು ಬಿಟ್ಟು, ಮತ್ತೆ ಅದೇ ಆಟವನ್ನು ಅಷ್ಟೇ ಹೊತ್ತು ನಡೆಸಬೇಕು. ಮೊದಲ ಎರಡು ವಾರದಲ್ಲಿ ಇಂಥ ಹತ್ತು ಸುತ್ತಾದರೂ ಆದರೆ ಆರಂಭದ ದೋಷಗಳಲ್ಲಿ ಬಹುಪಾಲು ಇದ್ದರೆ ತಲೆಯೆತ್ತುತ್ತವೆ. ಪ್ರತಿ ಸುತ್ತಿನಲ್ಲೂ ಚಾಲೂ ಮಾಡಿದ ಹೊತ್ತು, ತೊಂದರೆ ಕಂಡ ಹೊತ್ತು, ಆಗ ನಡೆಯುತ್ತಿದ್ದ ಆಟ, ಪರದೆಯಲ್ಲಿ ಬಂದ ದೋಷಸಂಖ್ಯೆ, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು.

ಬರೆದುಕೊಳ್ಳುವುದರ ಬೆಲೆ ನನಗೆ ತಿಳಿದದ್ದು ಒಂದು ಕನ್ಸೋಲ್ ಆಟದ ನಡುವೆ ತಾನಾಗಿ ಆರಿಹೋಗತೊಡಗಿದಾಗ. ಮೊದಲು ವಿದ್ಯುತ್ತಿನ ತೊಂದರೆ ಎಂದುಕೊಂಡು ಸಾಕೆಟ್ ಬದಲಿಸಿದೆ, ಕೇಬಲ್ ಬದಲಿಸಿದೆ, ಫಲ ಸಿಗಲಿಲ್ಲ. ಆಮೇಲೆ ಹೊತ್ತು ಗುರುತಿಸಲು ತೊಡಗಿದೆ: 38 ನಿಮಿಷ, 35 ನಿಮಿಷ, 37 ನಿಮಿಷ. ಆರಿದ ಕೂಡಲೇ ಮತ್ತೆ ಚಾಲೂ ಮಾಡಿದರೆ 6 ನಿಮಿಷಕ್ಕೇ ಆರುತ್ತಿತ್ತು. ಬಿಸಿಯದೇ ಕೈವಾಡ ಎಂಬುದು ಇಲ್ಲಿಗೆ ಖಚಿತವಾಯಿತು. ಟಿಶ್ಯೂ ಕಾಗದದ ಒಂದು ಬೆರಳಗಲದ ಪಟ್ಟಿಯನ್ನು ಕತ್ತರಿಸಿ, ಹಿಂಬದಿಯ ಗಾಳಿ ಹೊರಬರುವ ಕಿಂಡಿಯ ಮೇಲಂಚಿಗೆ ಅಂಟಿಸಿ ಕುಳಿತೆ. ಅರ್ಧ ಗಂಟೆ ಆ ಪಟ್ಟಿ ಬಾವುಟದಂತೆ ಹಾರುತ್ತಲೇ ಇತ್ತು. ಬಳಿಕ ನಿಧಾನವಾಗಿ ತುಯ್ಯತೊಡಗಿ, ಕೊನೆಗೆ ನೇರ ಕೆಳಗೆ ಜೋತುಬಿತ್ತು. ಅದಾದ ನಾಲ್ಕು ನಿಮಿಷಕ್ಕೆ ಯಂತ್ರ ಆರಿತು. ಬಿಸಿಯೇರಿದಾಗ ಫ್ಯಾನಿನ ಬೇರಿಂಗ್ ಬಿಗಿದುಕೊಳ್ಳುತ್ತಿತ್ತು. ರಿಪೇರಿ ಕೇಂದ್ರದವರು ಹದಿನೈದು ನಿಮಿಷ ಓಡಿಸಿ ನೋಡಿ, ದೋಷವೇನೂ ಕಂಡುಬಂದಿಲ್ಲ ಎಂದು ಚೀಟಿ ಬರೆದು ಒಮ್ಮೆ ಹಿಂದಿರುಗಿಸಿದ್ದರು. ಎರಡನೆಯ ಸಲ ನಿಮಿಷಗಳ ಪಟ್ಟಿಯನ್ನೂ ಜೋತುಬಿದ್ದ ಕಾಗದದ ವಿಡಿಯೊವನ್ನೂ ಜೊತೆಗಿಟ್ಟೆ. ಫ್ಯಾನ್ ಬದಲಾಯಿಸಿ ಕೊಟ್ಟರು.

ಅಂದಿನಿಂದ ಪ್ರತಿ ಕನ್ಸೋಲಿಗೂ ಈ ಕಾಗದದ ಪರೀಕ್ಷೆ ಮಾಡುತ್ತೇನೆ. ಪಟ್ಟಿ ಕಿಂಡಿಯೊಳಗೆ ಜಾರದಂತೆ ಹೊರಗಿನ ಅಂಚಿಗಷ್ಟೇ ಅಂಟಿಸಬೇಕೆಂಬುದೊಂದು ಎಚ್ಚರಿಕೆ. ಹೊರಬರುವ ಗಾಳಿ ಬೆಚ್ಚಗಿರುವುದು ಒಳ್ಳೆಯ ಲಕ್ಷಣ, ಒಳಗಿನ ಬಿಸಿ ಹೊರಗೆ ಬರುತ್ತಿದೆ ಎಂದರ್ಥ. ಫ್ಯಾನ್ ಜೋರಾಗಿ ಕೂಗುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಅನುಮಾನಿಸಬೇಕು. ಚಿಪ್ಪಿನ ಬಿಸಿ ಅದನ್ನು ಹೀರಿಕೊಳ್ಳುವ ಲೋಹದ ಹೀಟ್‌ಸಿಂಕಿಗೆ ದಾಟುತ್ತಿಲ್ಲ, ಬಿಸಿ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಸರಿಯಾಗಿ ಹರಡಿಲ್ಲ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಎಂಬ ಸಾಧ್ಯತೆ ಇರುತ್ತದೆ.

ಪರೀಕ್ಷೆಯ ಹೊತ್ತಿನಲ್ಲಿ ಕಣ್ಣಿಗೆ ಬೀಳಬಹುದಾದ ಇನ್ನೊಂದು ಲಕ್ಷಣ ಚಿತ್ರದಲ್ಲಿನ ವಿಕಾರ. ಬಣ್ಣಬಣ್ಣದ ಚೌಕಗಳು, ಚದುರಂಗದ ಹಾಸಿನಂಥ ಗೆರೆಗಳು, ಆಕೃತಿಗಳಿಂದ ಚಾಚಿಕೊಂಡ ತ್ರಿಕೋನಗಳು ಬೇರೆ ಬೇರೆ ಆಟಗಳಲ್ಲಿ, ಬಿಸಿಯಾದ ಮೇಲಷ್ಟೇ ಕಾಣಿಸಿದರೆ ಗ್ರಾಫಿಕ್ಸ್ ಚಿಪ್ಪು ಅಥವಾ ಅದರ ಮೆಮೊರಿಯ ಮೇಲೆ ಅನುಮಾನ ಬರುತ್ತದೆ. ಒಂದೇ ಆಟದ ಒಂದೇ ಜಾಗದಲ್ಲಿ ಕಾಣಿಸಿದರೆ ಅದು ಆಟದ ತಪ್ಪು, ಕನ್ಸೋಲಿನದಲ್ಲ.

ಸದ್ದುಗಳನ್ನು ಬೇರ್ಪಡಿಸಿ ಕೇಳುವುದು ಸ್ವಲ್ಪ ಅಭ್ಯಾಸದಿಂದ ಬರುವ ವಿದ್ಯೆ. ಫ್ಯಾನಿನ ವೇಗದೊಂದಿಗೆ ಏರಿಳಿಯುವ ಕಟಕಟ ಸದ್ದು ಬೇರಿಂಗಿನದು ಅಥವಾ ರೆಕ್ಕೆಗೆ ತಾಗುತ್ತಿರುವ ವೈರಿನದು, ಇದು ದೂರು ಕೊಡಬೇಕಾದ ವಿಷಯ. ಆಟದ ದೃಶ್ಯ ಬದಲಾದ ಕ್ಷಣವೇ ಬದಲಾಗುವ ಸಣ್ಣ ಕೀರಲು ಸದ್ದು ವಿದ್ಯುತ್ ಭಾಗದ ಸುರುಳಿಗಳ ಕಂಪನದ್ದು. ಅದು ಕಿವಿಗೆ ಕಿರಿಕಿರಿಯೇ ಹೊರತು ಸಾಮಾನ್ಯವಾಗಿ ಯಂತ್ರ ಕೆಡುವ ಸೂಚನೆಯಲ್ಲ, ಮತ್ತು ಕಂಪನಿಗಳು ಇದನ್ನು ದೋಷವೆಂದು ಒಪ್ಪಲು ಹಿಂಜರಿಯುತ್ತವೆ. ನಿಮಗೆ ಸಹಿಸಲಾಗದಿದ್ದರೆ ಅಂಗಡಿಯ ಮರಳಿಕೆಯ ಗಡುವಿನೊಳಗೆ ಬದಲಿಸಿಕೊಳ್ಳುವುದೇ ಜಾಣತನ; ವಾರಂಟಿಯನ್ನು ನಂಬಿ ಕೂರಬಾರದು.

ಕಂಟ್ರೋಲರ್‌ನ ಕಡ್ಡಿಗಳು

ಕನ್ಸೋಲಿನ ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಕಂಟ್ರೋಲರ್‌ನ ಹೆಬ್ಬೆರಳ ಕಡ್ಡಿ, ಅಂದರೆ ಅನಲಾಗ್ ಸ್ಟಿಕ್. ಕೈಬಿಟ್ಟಿದ್ದರೂ ಪಾತ್ರ ತಾನಾಗಿ ನಡೆಯತೊಡಗುವ ಈ ದೋಷಕ್ಕೆ ಡ್ರಿಫ್ಟ್ ಎನ್ನುತ್ತಾರೆ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಜಾಯ್-ಕಾನ್ ಎಂಬ ಕಂಟ್ರೋಲರ್‌ಗಳಲ್ಲಿ ಇದು ಎಷ್ಟು ವ್ಯಾಪಕವಾಯಿತೆಂದರೆ, 2020ರ ಜೂನ್‌ನಲ್ಲಿ ಷೇರುದಾರರ ಸಭೆಯಲ್ಲಿ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೋರಬೇಕಾಯಿತು. ಕಾರಣ ಸರಳವಾದದ್ದು. ಕಡ್ಡಿಯ ಬುಡದಲ್ಲಿ ಇಂಗಾಲದ ತೆಳು ಪದರವಿದ್ದು, ಲೋಹದ ಪುಟ್ಟ ಬೆರಳೊಂದು ಅದರ ಮೇಲೆ ಉಜ್ಜುತ್ತ ಸಾಗಿ, ಎಲ್ಲಿದ್ದೇನೆ ಎಂಬುದನ್ನು ವಿದ್ಯುತ್ ರೋಧದ ಮೂಲಕ ತಿಳಿಸುತ್ತದೆ. ಉಜ್ಜಿದಷ್ಟೂ ಪದರ ಸವೆಯುತ್ತದೆ, ಸವೆದ ಪುಡಿ ಅಲ್ಲೇ ಕೂರುತ್ತದೆ. ನಡುಬಿಂದುವಿನ ಆಸುಪಾಸಿನಲ್ಲಿ ಉಜ್ಜಾಟ ಹೆಚ್ಚಾದ್ದರಿಂದ ಮೊದಲು ಕೆಡುವುದೂ ಅದೇ ಜಾಗ.

ಇಂಥ ಕಡ್ಡಿಯ ಆಯಸ್ಸು 20 ಲಕ್ಷ ಸುತ್ತು ಎಂದು ಹಿಡಿದರೆ ಬಹಳವೆನಿಸುತ್ತದೆ. ಚುರುಕಾದ ಆಟದಲ್ಲಿ ಕಡ್ಡಿ ನಿಮಿಷಕ್ಕೆ 100 ಸಲ ಆಡಿತೆನ್ನಿ; ಗಂಟೆಗೆ 6,000 ಆಯಿತು, 20 ಲಕ್ಷ ತಲುಪಲು 333 ಗಂಟೆ ಸಾಕು. ದಿನಕ್ಕೆ ಎರಡು ಗಂಟೆ ಆಡುವವರಿಗೆ ಅದು ಆರು ತಿಂಗಳೊಳಗಿನ ಮಾತು. ಉಜ್ಜಾಟವೇ ಇಲ್ಲದೆ ಅಯಸ್ಕಾಂತದಿಂದ ಸ್ಥಾನ ಅಳೆಯುವ ಹಾಲ್ ಎಫೆಕ್ಟ್ ಸಂವೇದಕಗಳು ಹೊಸ ಸಂಶೋಧನೆಯೇನೂ ಅಲ್ಲ, 1998ರ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲೇ ಅವು ಇದ್ದವು. ಗೊತ್ತಿದ್ದ ಒಳ್ಳೆಯ ದಾರಿಯನ್ನು ಬಿಟ್ಟು ಇಷ್ಟು ವರ್ಷ ಉಜ್ಜುವ ಕಡ್ಡಿಯನ್ನೇ ಹಿಡಿದು ನಡೆದ ಈ ಉದ್ಯಮದ ಬಗ್ಗೆ ನನಗೆ ಸಿಟ್ಟಿದೆ ಎಂಬುದನ್ನು ಮುಚ್ಚಿಡಲಾರೆ.

ಪರೀಕ್ಷಿಸುವ ವಿಧಾನ ಹೀಗಿದೆ. ಕನ್ಸೋಲ್‌ನ ಸೆಟ್ಟಿಂಗ್‌ನಲ್ಲಿ ಕಡ್ಡಿಯ ಸ್ಥಾನವನ್ನು ಚುಕ್ಕೆಯಾಗಿ ತೋರಿಸುವ ಪುಟವಿದ್ದರೆ ಅದನ್ನು ತೆರೆಯಿರಿ. ಇಲ್ಲವಾದರೆ ಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸಿ, ಸ್ಥಾನವನ್ನು ಅಂಕಿಯಲ್ಲಿ ತೋರಿಸುವ ತಂತ್ರಾಂಶ ಬಳಸಿರಿ. ಕಡ್ಡಿಯನ್ನು ಒಂದು ಬದಿಗೆ ಪೂರ್ತಿ ಒತ್ತಿ ತಟ್ಟನೆ ಬಿಡಿ, ಚುಕ್ಕೆ ಎಲ್ಲಿ ನಿಂತಿತೆಂದು ಗುರುತಿಸಿ. ಇದನ್ನು ನಾಲ್ಕೂ ದಿಕ್ಕಿಗೆ ಹತ್ತತ್ತು ಸಲ ಮಾಡಿರಿ. ನಡುಬಿಂದುವಿನ ಸುತ್ತ ಕೂದಲೆಳೆಯಷ್ಟು ವ್ಯತ್ಯಾಸ ಎಲ್ಲ ಕಡ್ಡಿಗಳಲ್ಲೂ ಇರುತ್ತದೆ, ಅದನ್ನು ಲೆಕ್ಕಿಸಬೇಕಿಲ್ಲ. ಆದರೆ ಎಡಕ್ಕೆ ಒತ್ತಿ ಬಿಟ್ಟಾಗಲೆಲ್ಲ ಚುಕ್ಕೆ ಎಡದಲ್ಲೇ ಉಳಿಯುತ್ತಿದ್ದರೆ, ಅಥವಾ ಮುಟ್ಟದೆ ಇಟ್ಟ ಕಂಟ್ರೋಲರ್‌ನ ಚುಕ್ಕೆ ತಾನಾಗಿ ನಡುಗುತ್ತಿದ್ದರೆ, ಅದು ದೋಷ. ಕಡ್ಡಿಯನ್ನು ಅಂಚಿಗೆ ತಾಗಿಸಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದಾಗ ಚುಕ್ಕೆ ನಡುವೆ ಎಲ್ಲೂ ನೆಗೆಯಬಾರದು.

ಇಲ್ಲಿ ಅನೇಕರು ಎಡವುತ್ತಾರೆ. ಡ್ರಿಫ್ಟ್ ಕಂಡ ಕೂಡಲೇ ಆಟದ ಸೆಟ್ಟಿಂಗ್‌ನಲ್ಲಿ ಡೆಡ್ ಝೋನ್ ಹೆಚ್ಚಿಸಿ, ಸರಿಹೋಯಿತೆಂದು ಸುಮ್ಮನಾಗುತ್ತಾರೆ. ಡೆಡ್ ಝೋನ್ ಎಂದರೆ ನಡುಬಿಂದುವಿನ ಸುತ್ತಣ ಇಷ್ಟು ಅಲುಗಾಟವನ್ನು ಗಣನೆಗೆ ತೆಗೆದುಕೊಳ್ಳಬೇಡ ಎಂದು ಆಟಕ್ಕೆ ಹೇಳುವುದು; ಅದರಿಂದ ದೋಷ ಮರೆಯಾಗುತ್ತದೆ, ಸವೆತ ಮುಂದುವರಿಯುತ್ತದೆ, ಅಷ್ಟರಲ್ಲಿ ವಾರಂಟಿ ಮುಗಿಯುತ್ತದೆ. ಮೊದಲು ವಿಡಿಯೊ ತೆಗೆದು ದೂರು ಕೊಡಿ, ಡೆಡ್ ಝೋನನ್ನು ವಾರಂಟಿ ಮುಗಿದ ಮೇಲೆ ಮುಟ್ಟಿದರಾಯಿತು. ಗುಂಡಿಗಳು, ಟ್ರಿಗರ್‌ಗಳು, ಚಾರ್ಜ್ ಆಗುವ ಪೋರ್ಟು, ಕಂಪನದ ಮೋಟರು, ಇವನ್ನೆಲ್ಲ ಒಂದು ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು.

ಡಿಸ್ಕ್, ಸಂಗ್ರಹ, ಪರದೆ

ಡಿಸ್ಕ್ ಡ್ರೈವ್ ಇರುವ ಕನ್ಸೋಲಾದರೆ ಗೀರಿಲ್ಲದ ಮೂರು ನಾಲ್ಕು ಡಿಸ್ಕ್‌ಗಳನ್ನು ತಲಾ ಐದು ಸಲ ಹಾಕಿ ತೆಗೆಯಿರಿ, ಒಂದರಿಂದಲಾದರೂ ಪೂರ್ತಿ ಇನ್‌ಸ್ಟಾಲ್ ಮಾಡಿರಿ. ಡಿಸ್ಕ್‌ನ ಹೊರ ಅಂಚಿನವರೆಗೂ ಲೇಸರ್ ಓದುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಡ್ರೈವ್ ತಿರುಗುತ್ತಿರುವಾಗ ಕನ್ಸೋಲನ್ನು ಮಾತ್ರ ಅಲುಗಾಡಿಸಬಾರದು, ಡಿಸ್ಕ್‌ಗೆ ವರ್ತುಲಾಕಾರದ ಗೀರು ಬೀಳುವುದು ಹಾಗೆಯೇ. ಆಟಗಳನ್ನು ತುಂಬಿಡುವ ಒಳಗಿನ ಎಸ್‌ಎಸ್‌ಡಿಯನ್ನು ಮುಕ್ಕಾಲು ಭಾಗ ತುಂಬಿಸಿ ಒಂದೆರಡು ದೊಡ್ಡ ಆಟಗಳನ್ನು ಅಳಿಸಿ ಮತ್ತೆ ಹಾಕಿದರೆ ಸಂಗ್ರಹದ ಪರೀಕ್ಷೆಯಾಯಿತು. ವೈ-ಫೈ ಸೋಲುತ್ತಿದ್ದರೆ ಅದೇ ಜಾಗದಲ್ಲಿ ಮೊಬೈಲಿಗೆ ಎಷ್ಟು ವೇಗ ಸಿಗುತ್ತದೆಂದು ನೋಡಿ ಹೋಲಿಸಬೇಕು.

ಕೈಯಲ್ಲಿ ಹಿಡಿದಾಡುವ ಕನ್ಸೋಲಾದರೆ ಪರದೆಯಲ್ಲಿ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಬಣ್ಣಗಳನ್ನು ಒಂದೊಂದಾಗಿ ತುಂಬಿಸಿ ಕತ್ತಲಲ್ಲಿ ನೋಡಿರಿ. ಬೆಳಗದ ಒಂದೆರಡು ಚುಕ್ಕೆಗಳಿದ್ದರೆ ತಯಾರಕರು ಅದನ್ನು ದೋಷವೆಂದು ಒಪ್ಪದಿರಬಹುದಾದ್ದರಿಂದ ಇದನ್ನೂ ಅಂಗಡಿಯ ಗಡುವಿನೊಳಗೇ ನೋಡಬೇಕು. ಬ್ಯಾಟರಿ ಊದಿ ಹಿಂಬದಿಯ ಹೊದಿಕೆ ಉಬ್ಬಿದ್ದರೆ, ಪರದೆಯ ಅಂಚು ಮೇಲೆದ್ದಿದ್ದರೆ, ಆ ಕ್ಷಣವೇ ಬಳಕೆ ನಿಲ್ಲಿಸಿ. ಚಾರ್ಜ್ ಮಾಡುವುದು, ಒತ್ತುವುದು, ಚುಚ್ಚುವುದು ಯಾವುದೂ ಕೂಡದು. ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು.

ದೋಷ ಎಲ್ಲಿದೆ ಎಂದು ಹುಡುಕುವಾಗ

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಚಿತ್ರ ಬರುತ್ತಿಲ್ಲವೆಂದರೆ ಮೊದಲು ಬೇರೆ ಕೇಬಲ್, ಬಳಿಕ ಟಿವಿಯ ಬೇರೆ ಪೋರ್ಟು, ಬಳಿಕ ಬೇರೆ ಟಿವಿ. ಮೂರನ್ನೂ ಒಟ್ಟಿಗೆ ಬದಲಿಸಿ ಚಿತ್ರ ಬಂದುಬಿಟ್ಟರೆ ಸಂತೋಷವಾಗುತ್ತದೆ, ಆದರೆ ತಪ್ಪು ಯಾವುದರಲ್ಲಿತ್ತೆಂದು ತಿಳಿಯದೆ ಉಳಿಯುತ್ತದೆ. ಹಾಗೆಯೇ, ಅನುಮಾನ ಬಂದ ಕೇಬಲನ್ನು ಕೊನೆಗೊಮ್ಮೆ ಮರಳಿ ಜೋಡಿಸಿ ತೊಂದರೆ ಮರುಕಳಿಸುತ್ತದೆಯೇ ಎಂದು ನೋಡಬೇಕು. ಮರುಕಳಿಸಿದರೆ ಮಾತ್ರ ಅದು ಸಾಬೀತು. ತಂತ್ರಾಂಶದ ಅನುಮಾನವನ್ನು ಕಳೆಯಲು ಸೇವ್‌ಗಳ, ಅಂದರೆ ಆಟದಲ್ಲಿ ಉಳಿಸಿಟ್ಟ ಪ್ರಗತಿಯ ಪ್ರತಿ ತೆಗೆದಿಟ್ಟು, ಕನ್ಸೋಲನ್ನು ಕಾರ್ಖಾನೆಯ ಮೂಲಸ್ಥಿತಿಗೆ ತಂದು, ಎರಡು ಬೇರೆ ಬೇರೆ ಆಟಗಳಲ್ಲಿ ಪರೀಕ್ಷಿಸಬೇಕು.

ಬಾಯಿಂದ ಬಾಯಿಗೆ ಹಬ್ಬಿದ ಕೆಲವು ಮನೆಮದ್ದುಗಳಿಂದ ದೂರವಿರಿ. ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ ಕೆಟ್ಟ ಯಂತ್ರಕ್ಕೆ ಟವಲ್ ಸುತ್ತಿ ಬೇಕೆಂದೇ ಕಾಯಿಸುವ ಉಪಾಯ ಪ್ರಸಿದ್ಧವಾಗಿತ್ತು. ಹಾಗೆ ಮಾಡಿದಾಗ ಬಿರುಕುಬಿಟ್ಟ ಬೆಸುಗೆಗಳು ಹಿಗ್ಗಿ ತಾತ್ಕಾಲಿಕವಾಗಿ ತಾಗಿಕೊಳ್ಳುತ್ತಿದ್ದವು, ಯಂತ್ರ ಕೆಲವು ದಿನ ನಡೆದು ಮತ್ತೆ ಕೆಡುತ್ತಿತ್ತು. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಟವಲ್ ಸುತ್ತಿ ಅಷ್ಟು ಬಿಸಿ ತರಲಾಗದು, ತಂದರೆ ಮನೆಗೇ ಬೆಂಕಿ. ನಿಂಟೆಂಡೊದ ಹಳೆಯ ಕನ್ಸೋಲ್ ಎನ್‌ಇಎಸ್‌ನ ಆಟದ ಕಾರ್ಟ್ರಿಜ್‌ಗೆ ಬಾಯಿಂದ ಊದುವ ಅಭ್ಯಾಸವೂ ಇದೇ ಜಾತಿಯದು. ಊದಿದ್ದರಿಂದಲ್ಲ, ತೆಗೆದು ಮತ್ತೆ ಕೂರಿಸಿದ್ದರಿಂದ ಸಂಪರ್ಕ ಸರಿಹೋಗುತ್ತಿತ್ತು. ಉಸಿರಿನ ತೇವ ಲೋಹದ ಸಂಪರ್ಕಗಳಿಗೆ ಕೇಡನ್ನೇ ಮಾಡುತ್ತಿತ್ತು.

ವಾರಂಟಿ ಇರುವ ಯಂತ್ರವನ್ನು ಬಿಚ್ಚಬೇಡಿ. ವಿದ್ಯುತ್ ಭಾಗದಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯಕರ ವಿದ್ಯುತ್ ಉಳಿದಿರಬಹುದು. ಪ್ಲೇಸ್ಟೇಷನ್ 5ರಲ್ಲಿ ಚಿಪ್ಪು ಮತ್ತು ಹೀಟ್‌ಸಿಂಕ್ ನಡುವೆ ಪೇಸ್ಟಿನ ಬದಲು ದ್ರವಲೋಹವಿದೆ. ಅದು ವಿದ್ಯುತ್ ವಾಹಕವಾದ್ದರಿಂದ ಒಂದು ಹನಿ ಮದರ್‌ಬೋರ್ಡಿನ ಬೇರೆಡೆ ಜಾರಿದರೂ ಯಂತ್ರದ ಕಥೆ ಮುಗಿದಂತೆ.

ದೂರು ಬರೆಯುವಾಗ

ಕನ್ಸೋಲ್ ಸರಿಯಿಲ್ಲ, ಆಗಾಗ ಕೈಕೊಡುತ್ತದೆ ಎಂದು ಬರೆದ ದೂರಿನಿಂದ ರಿಪೇರಿಯವರಿಗೆ ಏನೂ ತಿಳಿಯುವುದಿಲ್ಲ. ಅವರ ಮೇಜಿನ ಮೇಲೆ ಆ ದಿನ ಇನ್ನೂ ಹತ್ತಾರು ಯಂತ್ರಗಳಿರುತ್ತವೆ. ದೋಷವನ್ನು ತಾವೇ ಕಣ್ಣಾರೆ ಕಾಣದೆ ಭಾಗ ಬದಲಿಸಲು ಅವರಿಗೆ ಅನುಮತಿಯೂ ಇರುವುದಿಲ್ಲ. ಆದ್ದರಿಂದ ದೋಷವನ್ನು ಮರಳಿ ತೋರಿಸುವ ದಾರಿಯನ್ನೇ ಬರೆದುಕೊಡಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: ‘ತಣ್ಣಗಿರುವ ಯಂತ್ರವನ್ನು ಚಾಲೂ ಮಾಡಿ ಗ್ರಾಫಿಕ್ಸ್ ಹೆಚ್ಚು ಬೇಡುವ ಆಟ ನಡೆಸಿದರೆ 35ರಿಂದ 40 ನಿಮಿಷದೊಳಗೆ ತಾನಾಗಿ ಆರುತ್ತದೆ, ಹತ್ತು ಸಲದಲ್ಲಿ ಒಂಬತ್ತು ಸಲ ಹೀಗಾಗಿದೆ, ಸಾಕೆಟ್, ಕೇಬಲ್, ಟಿವಿ ಬದಲಿಸಿದರೂ ವ್ಯತ್ಯಾಸವಿಲ್ಲ, ದಯವಿಟ್ಟು ಕನಿಷ್ಠ ಒಂದು ಗಂಟೆ ನಡೆಸಿ ನೋಡಿರಿ.’ ಇದರ ಜೊತೆ ತಂತ್ರಾಂಶದ ಆವೃತ್ತಿ, ದೋಷಸಂಖ್ಯೆ, ಬಿಲ್ಲಿನ ಪ್ರತಿ ಮತ್ತು ವಿಡಿಯೊ ಇರಲಿ. ವಿಡಿಯೊದಲ್ಲಿ ಸೀರಿಯಲ್ ನಂಬರ್ ಮತ್ತು ದೋಷ ಒಂದೇ ಓಟದಲ್ಲಿ, ನಡುವೆ ಕತ್ತರಿಸದೆ ಕಾಣುವಂತಿದ್ದರೆ ಅದು ನಿಮ್ಮ ಯಂತ್ರದ್ದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಕೊಡುವ ಮೊದಲು ಸೇವ್‌ಗಳನ್ನು ಬೇರೆಡೆ ಉಳಿಸಿ, ಖಾತೆಯಿಂದ ಹೊರಬಂದು, ಒಳಗಿರುವ ಡಿಸ್ಕ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಮಾತುಕತೆಯನ್ನು ಸಾಧ್ಯವಾದಷ್ಟು ಬರಹದಲ್ಲೇ ನಡೆಸಿ, ದೂರಿನ ಸಂಖ್ಯೆ ಮತ್ತು ದಿನಾಂಕಗಳನ್ನು ಗುರುತಿಟ್ಟುಕೊಳ್ಳಿ.

ಯಾರೋ ಬಳಸಿದ ಕನ್ಸೋಲ್ ಕೊಳ್ಳುವವರಿಗೆ ಇಷ್ಟೆಲ್ಲ ಸಮಯ ಸಿಗುವುದಿಲ್ಲ. ಅಂಥವರು ಕನಿಷ್ಠ 45 ನಿಮಿಷ ನಡೆಸಿ ನೋಡಲು ಕೇಳಬೇಕು; ಹತ್ತು ನಿಮಿಷದ ಪ್ರದರ್ಶನಕ್ಕೆ ಮಾತ್ರ ಒಪ್ಪುವವರಿಂದ ಕೊಳ್ಳದಿರುವುದೇ ವಾಸಿ. ನೀವು ಹೋಗುವ ಮೊದಲೇ ಯಂತ್ರ ಚಾಲೂ ಆಗಿದ್ದರೆ ಆರಿಸಿ, ತಣಿಸಿ, ಮತ್ತೆ ಚಾಲೂ ಮಾಡಿಸಬೇಕು, ಏಕೆಂದರೆ ಕೆಲವು ದೋಷಗಳು ತಣ್ಣಗಿದ್ದಾಗಷ್ಟೇ ಕಾಣುತ್ತವೆ. ಸ್ಕ್ರೂಗಳ ತಲೆ ಸವೆದಿದೆಯೇ, ಸೀಲ್ ಹರಿದಿದೆಯೇ ಎಂದು ನೋಡಿ. ಆನ್‌ಲೈನ್ ಖಾತೆಗೆ ಪ್ರವೇಶಿಸಿ ಆ ಯಂತ್ರಕ್ಕೆ ಕಂಪನಿಯ ಆನ್‌ಲೈನ್ ಸೇವೆಯಲ್ಲಿ ನಿಷೇಧವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಪ್ಲೇಸ್ಟೇಷನ್ 4 ಆದರೆ ತಂತ್ರಾಂಶ 2021ರಲ್ಲಿ ಬಂದ 9.00 ಆವೃತ್ತಿ ಅಥವಾ ಅದಕ್ಕಿಂತ ಹೊಸದಿರಲಿ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಒಳಗಿನ ಗಡಿಯಾರದ ಸೆಲ್ ಸತ್ತರೆ, ಇಂಟರ್‌ನೆಟ್ ಸಂಪರ್ಕವಿಲ್ಲದ ಹೊತ್ತಿನಲ್ಲಿ ಆಟಗಳು ತೆರೆಯದಿರುವ ತೊಂದರೆಯಿತ್ತು.

ರಿಪೇರಿಯಾಗಿ ಬಂದ ಯಂತ್ರವನ್ನೂ ಹೊಸದರಂತೆಯೇ ಕಾಣಬೇಕು. ಕೆಲವೊಮ್ಮೆ ನಿಮ್ಮದರ ಬದಲು ದುರಸ್ತಿಪಡಿಸಿದ ಬೇರೆ ಯಂತ್ರವನ್ನೇ ಕಳಿಸಿರುತ್ತಾರೆ. ಮೊದಲು ಸೀರಿಯಲ್ ನಂಬರ್ ನೋಡಿ. ಬದಲಾಗಿದ್ದರೆ ವಾರಂಟಿಯ ದಾಖಲೆಯಲ್ಲೂ ಹೊಸ ಸಂಖ್ಯೆ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಬಳಿಕ ಹಳೆಯ ನೋಟ್‌ಬುಕ್ ತೆರೆದು, ಅದೇ ಆಟವನ್ನು ಹಾಕಿ, ಕಾಗದದ ಪಟ್ಟಿಯನ್ನು ಕಿಂಡಿಯಂಚಿಗೆ ಅಂಟಿಸಿ, ಹಿಂದೆ ಕೈಕೊಟ್ಟಿದ್ದ ನಿಮಿಷವನ್ನು ದಾಟಿ ಎರಡು ಗಂಟೆ ಮುಗಿಯುವವರೆಗೆ ನಡೆಸಿರಿ.